ಎಲ್ಲ ಬಿಡಿಸಿ ಹೇಳದಿದ್ದರೆ ಕಥೆ ಜಾಸ್ತಿ ತಟ್ಟುತ್ತದೆ ಅಂತಾರೆ, ಯಾಕೆ?

ಓದುವವರಿಗೂ ಒಂದಿಷ್ಟು ಕೆಲಸ ಉಳಿಯುತ್ತದೆ, ಅದಕ್ಕೆ. ‘ಮಗ ಊರು ಬಿಟ್ಟ ಮೇಲೆ ಅವ್ವ ತುಂಬಾ ದುಃಖಪಟ್ಟಳು’ ಅಂತ ಬರೆದರೆ ಓದಿ ಮುಂದೆ ಹೋಗುತ್ತೇವೆ. ‘ಅವ್ವ ಇವತ್ತೂ ಎರಡು ರೊಟ್ಟಿ ಜಾಸ್ತಿ ಬಡಿದಳು’ ಅಂತ ಬರೆದರೆ? ಆ ರೊಟ್ಟಿ ಯಾರಿಗೆ ಅಂತ ನಾವೇ ಹುಡುಕುತ್ತೇವೆ.

ಹಾಡಿನಲ್ಲೂ ಹೀಗೇ. ನಮ್ಮ ಧಾರವಾಡದಲ್ಲಿ ಸಂಜೆ ಸಂಗೀತದ ಬೈಠಕ್ ಇದ್ದಾಗ ಮಾರ್ವಾ ಕೇಳಿ ನೋಡಿ. ಹೊತ್ತು ಮುಳುಗುವಾಗಿನ ರಾಗ. ಅದರಲ್ಲಿ ಪಂಚಮ, ಅಂದರೆ ‘ಪ’ ಸ್ವರ, ಇಲ್ಲವೇ ಇಲ್ಲ. ಹಾಡಿಗೆ ಮನೆಯಂತಿರುವ ಷಡ್ಜವನ್ನೂ, ಅಂದರೆ ‘ಸಾ’ ಸ್ವರವನ್ನೂ, ಹಾಡುವವರು ಬೇಗ ಮುಟ್ಟುವುದಿಲ್ಲ, ಕೋಮಲ ರಿಷಭ (‘ರಿ’), ಶುದ್ಧ ಧೈವತಗಳ (‘ಧ’) ಸುತ್ತಲೇ ಓಡಾಡುತ್ತಾರೆ. ತಂಬೂರಿ ‘ಸಾ’ ನುಡಿಯುತ್ತಲೇ ಇರುತ್ತದೆ, ದನಿ ಮಾತ್ರ ಅಲ್ಲಿಗೆ ಬಂದು ನಿಲ್ಲುವುದಿಲ್ಲ. ಕೇಳುವ ಮನಸ್ಸು ಹಟ್ಟಿ ಸೇರದ ಆಕಳಿನ ಹಾಗೆ ಚಡಪಡಿಸುತ್ತದೆ. ಕೊನೆಗೆ ‘ಸಾ’ ಬಂದಾಗ ಪಕ್ಕದ ಅಜ್ಜ ‘ಆಹಾ’ ಅನ್ನುವುದು ಸುಮ್ನೆ ಅಲ್ಲ!

ಕಾವ್ಯದಲ್ಲಿ ಹೀಗೆ ಬಿಡಿಸಿ ಹೇಳದೆ ಸೂಚಿಸುವುದಕ್ಕೆ ಹಳಬರು ‘ಧ್ವನಿ’ ಅಂತ ಹೆಸರಿಟ್ಟಿದ್ದಾರೆ. 9ನೇ ಶತಮಾನದಲ್ಲಿ ಕಾಶ್ಮೀರದ ಕಾವ್ಯಮೀಮಾಂಸಕ ಆನಂದವರ್ಧನ ಇದನ್ನೇ ಕಾವ್ಯದ ಆತ್ಮ ಅಂದ.

ಆದರೆ ಸೂಚನೆ ಬೇರೆ, ಒಗಟು ಬೇರೆ. ಮಗ ಊರಲ್ಲಿಲ್ಲ ಅನ್ನುವುದು ಹಿಂದೆ ಎಲ್ಲಾದರೂ ಬಂದಿರಬೇಕು ಅಲ್ವಾ? ಇಲ್ಲದಿದ್ದರೆ ಆ ಎರಡು ರೊಟ್ಟಿ ನೋಡಿ, ಮನೆಗೆ ಬೀಗರು ಬಂದಿದ್ದಾರೆ ಅಂದುಕೊಳ್ಳುತ್ತಾರೆ.