ಬೆಳಗಾವಿಯಲ್ಲಿ ಬಾಡಿಗೆ ಮನೆ: ಭಾಷೆ ಬಿಡು, ಮೀಟರ್ ನೋಡು

ದೋಸ್ತ, ನಿನ್ನ ಪ್ರಶ್ನೆ ಓದಿದೆ. "ನಮ್ಮ ಆಫೀಸಿನವರೊಬ್ಬರಿಗೆ ಬೆಳಗಾವಿಗೆ ವರ್ಗವಾಗಿದೆ, ಮರಾಠಿ ಬರದಿದ್ದರೆ ಅಲ್ಲಿ ಬಾಡಿಗೆ ಮನೆ ಕೊಡೋದಿಲ್ವಂತೆ, ಹೌದಾ? ಅಷ್ಟು ಚಿಕ್ಕ ಊರಲ್ಲಿ ಮನೆ ಹುಡುಕೋದೇನು ಕಷ್ಟ ಬಿಡು." ಎರಡು ವಾಕ್ಯದಲ್ಲಿ ಎರಡು ತಪ್ಪು.

ಮೊದಲು ಭಾಷೆ. ಊರೊಳಗಿನ ಶಹಾಪುರದ ಗಲ್ಲಿಯಲ್ಲಿ ಮನೆ ಮಾಲಕರು ಮರಾಠಿಯಲ್ಲಿ ಮಾತು ಶುರು ಮಾಡಿದರೆ ಕನ್ನಡದಲ್ಲಿ ಉತ್ತರ ಕೊಟ್ಟರಾಯಿತು, ಅವರೂ ಕನ್ನಡಕ್ಕೆ ಬರುತ್ತಾರೆ. ಗಡಿ ತಂಟೆ 1956ರಿಂದ ಇದೆ, ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. ಡಿಸೆಂಬರ್ ಬಂತೆಂದರೆ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ, ಟಿವಿಯವರಿಗೆ ಹಬ್ಬ. ಮೂರು ಖೋಲಿಯ ಮನೆಗೆ ಬಾಡಿಗೆ ಎಷ್ಟೆಂದು ಗೊತ್ತುಮಾಡುವಾಗ ಇದ್ಯಾವುದನ್ನೂ ಯಾರೂ ಎತ್ತುವುದಿಲ್ಲ. ಎತ್ತುವ ಪ್ರಶ್ನೆ ಬೇರೆ: "ನೀವು ಯಾವ ಮಂದಿರಿ? ಅಡಗಿ ಮಾಡ್ತೀರೇನು?" ಅಡಗಿ ಅಂದರೆ ಅಡುಗೆ, ಕೇಳುವುದು ಮಾತ್ರ ಮಾಂಸದ್ದು. ಇದನ್ನು ಕನ್ನಡದವರೂ ಕೇಳುತ್ತಾರೆ, ಮರಾಠಿಯವರೂ ಕೇಳುತ್ತಾರೆ, ಇದರಲ್ಲಿ ಮಾತ್ರ ಎರಡೂ ರಾಜ್ಯ ಒಂದೇ. ಒಳ್ಳೆ ನೌಕರಿ ಇರುವ ಮುಸ್ಲಿಂ ಕುಟುಂಬಕ್ಕೆ ಟಿಳಕವಾಡಿಯಲ್ಲಿ ಮನೆ ಸಿಗುವುದು ಎಷ್ಟು ಕಷ್ಟ ಎಂದು ಏಜಂಟರನ್ನು ಕೇಳಿ ನೋಡು. ನಾಚಿಕೆಪಡಬೇಕಾದದ್ದು ಇದಕ್ಕೆ. ಆದರೆ ಬೆಂಗಳೂರಿನವನಾಗಿ ನೀನು ಈ ವಿಷಯದಲ್ಲಿ ನಮಗೆ ಪಾಠ ಹೇಳುವ ಹಾಗಿಲ್ಲ.

ಇನ್ನು ಚಿಕ್ಕ ಊರು ಎಂಬ ಮಾತು. ಈ ಊರಿನ ಬಾಡಿಗೆ ಒಂದೇ ಕಾರಣಕ್ಕೆ ಏರುವುದಿಲ್ಲ. ನೆಹರು ನಗರದ ಸುತ್ತ ಕೆಎಲ್ಇ ಆಸ್ಪತ್ರೆ, ಮೆಡಿಕಲ್ ಕಾಲೇಜು. ಅಲ್ಲಿ ವಿದ್ಯಾರ್ಥಿಗಳ ಜೊತೆ ರೋಗಿಗಳ ಕಡೆಯವರೂ ತಿಂಗಳ ಲೆಕ್ಕದಲ್ಲಿ ಖೋಲಿ ಹಿಡಿಯುತ್ತಾರೆ. ಮೂರನೇ ರೈಲ್ವೆ ಗೇಟಿನ ಆಚೆ ಉದ್ಯಮಬಾಗದ ಫೌಂಡ್ರಿ, ಹೈಡ್ರಾಲಿಕ್ಸ್ ಕಾರ್ಖಾನೆಗಳು, ಇಂಜಿನಿಯರಿಂಗ್ ಕಾಲೇಜು. ಕ್ಯಾಂಪಿನ ಸುತ್ತ ಮಿಲಿಟರಿಯವರು, ನಿವೃತ್ತರಾಗಿ ಇಲ್ಲೇ ಉಳಿದವರು. ಹತ್ತರಗಿಯ ವಿಮಾನ ಬಿಡಿಭಾಗದ ಎಸ್‌ಇಝಡ್‌ಗೆ (ವಿಶೇಷ ಆರ್ಥಿಕ ವಲಯಕ್ಕೆ) ಹೋಗುವವರು ಹೆದ್ದಾರಿಗೆ ಹತ್ತಿರ ಮನೆ ನೋಡುತ್ತಾರೆ. ಇವರ ಜೊತೆಗೆ ನೀನು ಎಣಿಸದ ಒಂದು ಗುಂಪಿದೆ: ವೆಂಗುರ್ಲಾ ರಸ್ತೆಯಲ್ಲಿ ಗಡಿ ದಾಟಿದ ಕೂಡಲೇ ಸಿಗುವ ಶಿನೋಳಿಯ ಕಾರ್ಖಾನೆಗಳಲ್ಲಿ ದುಡಿದು ರಾತ್ರಿ ಬೆಳಗಾವಿಗೆ ಬಂದು ಮಲಗುವವರು. ಕೆಲಸ ಮಹಾರಾಷ್ಟ್ರದಲ್ಲಿ, ಮಕ್ಕಳ ಶಾಲೆ ಕರ್ನಾಟಕದಲ್ಲಿ, ಬೈಕಿನ ನಂಬರು ಎಂಎಚ್ 09. ಎಲ್ಲರೂ ಮೇ-ಜೂನಿನಲ್ಲಿ ಒಟ್ಟಿಗೆ ಮನೆ ಹುಡುಕುತ್ತಾರೆ. ನಿಮ್ಮವರಿಗೆ ಆಗುವುದಾದರೆ ಜನವರಿ-ಫೆಬ್ರವರಿಯಲ್ಲೇ ಬರಲಿ, ಮಾತಾಡಿ ಬಾಡಿಗೆ ಇಳಿಸಿಕೊಳ್ಳಲು ಆಸ್ಪದ ಇರುತ್ತದೆ.

ಡಿಪಾಜಿಟ್ ನಿಮ್ಮ ಹತ್ತು ತಿಂಗಳಿನಷ್ಟಲ್ಲ, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ಬಾಡಿಗೆ. ಏಜಂಟರಿಗೆ ಹದಿನೈದು ದಿನದಿಂದ ಒಂದು ತಿಂಗಳಿನದು. ಅಗ್ರಿಮೆಂಟ್ ಹನ್ನೊಂದು ತಿಂಗಳಿಗೆ, ಏಕೆಂದರೆ ಒಂದು ವರ್ಷ ದಾಟಿದ ಕರಾರನ್ನು ನೋಂದಣಿ ಮಾಡಿಸಲೇಬೇಕು. ನೂರು ರೂಪಾಯಿ ಸ್ಟಾಂಪಿನಲ್ಲಿ ಮುಗಿಸೋಣ ಎಂದು ಮಾಲಕರು ಹೇಳಿದರೆ ಒಪ್ಪಬೇಡಿ. ಮುಂದೆ ಡಿಪಾಜಿಟ್ ಜಗಳ ಕೋರ್ಟಿಗೆ ಹೋದರೆ ಕಡಿಮೆ ಮುದ್ರಾಂಕದ ಕಾಗದವನ್ನು ಸಾಕ್ಷ್ಯವಾಗಿ ತಗೊಳ್ಳುವ ಮುಂಚೆ ಕೊರತೆ ಹಣದ ಜೊತೆ ಅದರ ಹತ್ತು ಪಟ್ಟು ದಂಡ ಕೇಳುತ್ತಾರೆ. ಬಾಡಿಗೆ ಕಾಯ್ದೆ ಕಾಪಾಡುತ್ತದೆ ಎಂದೂ ನಂಬಿ ಕೂರಬೇಡಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳಿಗೆ ₹3,500 ದಾಟಿದ ಬಾಡಿಗೆಗೆ ಅನ್ವಯಿಸುವುದೇ ಇಲ್ಲ. ಕಾಗದದಲ್ಲಿ ಬರೆದದ್ದೇ ನಿಮ್ಮ ಕಾನೂನು.

ನೀರಿನದು ಒಂದೇ ಪ್ರಶ್ನೆ: ಇಪ್ಪತ್ನಾಲ್ಕು ತಾಸಿನ ವಾರ್ಡೋ ಅಲ್ಲವೋ? ವಿಶ್ವಬ್ಯಾಂಕ್ ನೆರವಿನಲ್ಲಿ 2008ರಲ್ಲೇ ಹತ್ತು ವಾರ್ಡುಗಳಿಗೆ ದಿನಪೂರ್ತಿ ನೀರು ಬಂತು. ಆಗ ದೇಶವೇ ತಿರುಗಿ ನೋಡಿತ್ತು, ನಿಮ್ಮ ಬೆಂಗಳೂರಿಗೆ ಇನ್ನೂ ಆಗಿಲ್ಲ ನೋಡು. ಉಳಿದ ವಾರ್ಡುಗಳಿಗೆ ಕೊಡುವ ಕೆಲಸದಲ್ಲಿ ರಸ್ತೆ ಅಗೆದದ್ದೇ ಹೆಚ್ಚು. ಅಂಥ ಕಡೆ ನೆಲದಡಿ ಟಾಕಿ ಇಲ್ಲದ ಮನೆ ಬೇಡ.

ಮನೆಯನ್ನು ಮಧ್ಯಾಹ್ನ ನೋಡಬೇಕು. ಖಾಸಬಾಗ, ವಡಗಾವಿಯಲ್ಲಿ ಪಕ್ಕದ ಮನೆಯಲ್ಲಿ ಪವರ್‌ಲೂಮ್ ಇದ್ದರೆ ಸಂಜೆ ಏಳಕ್ಕೆ ಬಂದವರಿಗೆ ತಿಳಿಯುವುದೇ ಇಲ್ಲ. ಹಗಲು ಗೋಡೆಗೆ ಅಂಗೈ ಇಟ್ಟರೆ ನಡುಕ ಕೈಗೆ ಹತ್ತುತ್ತದೆ. ನಮ್ಮ ಮಳೆ ಪಡುವಣದಿಂದ ಹೊಡೆಯುತ್ತದೆ, ಹಾಗಾಗಿ ಪಡುವಣ ಗೋಡೆಗೆ ಹೊರಗಿನಿಂದ ತಗಡು ಹೊಡೆದಿದ್ದರೆ ಅದು ಒಳ್ಳೆ ಮಾಲಕರ ಗುರುತು. ತಗಡಿಲ್ಲದೆ ಒಳಗೆ ಹೊಸ ಬಣ್ಣ ಮಾತ್ರ ಇದ್ದರೆ, ಕೆಳಗಿನ ಒಂದು ಅಡಿಯನ್ನು ಉಗುರಿನಿಂದ ಕೆರೆದು ನೋಡಿ. ಪುಡಿ ಉದುರಿದರೆ ಜುಲೈಯಲ್ಲಿ ಬಟ್ಟೆಗೆಲ್ಲ ಬೂಸಲು. ಬಳ್ಳಾರಿ ನಾಲಾದ ಅಂಚಿನ ಬಡಾವಣೆಯಾದರೆ 2019ರ ಆಗಸ್ಟಿನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಎದುರುಮನೆಯವರನ್ನು ಕೇಳಿ, ಮಾಲಕರನ್ನಲ್ಲ.

ಇವೆಲ್ಲ ಒಮ್ಮೆ ನೋಡಿ ಮುಗಿಸುವಂಥವು. ಮುಗಿಯದ ತಂಟೆ ಎಂದರೆ ಲೈಟ್ ಮೀಟರಿನದು.

ಗೃಹಜ್ಯೋತಿ 2023ರ ಆಗಸ್ಟಿನ ಬಿಲ್ಲಿನಿಂದ ಶುರುವಾಯಿತು. ಇನ್ನೂರು ಯೂನಿಟ್ ಪುಕ್ಕಟೆ ಎಂದು ನೀವು ಓದಿದ್ದೀರಿ, ಹಾಗಲ್ಲ. ಆ ಮೀಟರ್ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತೋ ಅದರ ಮೇಲೆ ಶೇಕಡಾ 10, ಅಷ್ಟೇ ಪುಕ್ಕಟೆ. ಸರಾಸರಿ 48ರ ಒಳಗಿದ್ದವರಿಗೆ ಶೇಕಡಾ 10ರ ಬದಲು ಹತ್ತು ಯೂನಿಟ್ ಸೇರಿಸುವಂತೆ 2024ರಲ್ಲಿ ಬದಲಾಯಿಸಿದರು. ಹಿಂದಿನ ಲೆಕ್ಕವೇ ಇಲ್ಲದ ಮೀಟರಿಗೆ ರಾಜ್ಯದ ಸರಾಸರಿ 53, ಸೇರಿಸಿ 58. ಅದರ ಮೇಲೆ ಓಡಿದ್ದಕ್ಕೆ ದುಡ್ಡು, ಒಟ್ಟು 200 ದಾಟಿದರೆ ಪೂರ್ತಿ ಬಿಲ್ಲು. ಈಗ ಲೆಕ್ಕ ಹಾಕು: ಎರಡು ಕಿಲೋವ್ಯಾಟಿನ ಗೀಸರ್ ದಿನಕ್ಕೆ ಒಂದು ತಾಸು ಓಡಿದರೆ ತಿಂಗಳಿಗೆ 60 ಯೂನಿಟ್. ನಮ್ಮ ಮಳೆಗಾಲದಲ್ಲಿ ಗೀಸರ್ ಇಲ್ಲದೆ ಆಗುವುದಿಲ್ಲ, 58 ಅಲ್ಲೇ ಮುಗಿಯಿತು. ಒಂದು ಎಚ್‌ಪಿ ಬೋರಿನ ಮೋಟಾರ್ ಅದೇ ಮೀಟರಿನಲ್ಲಿದ್ದು ದಿನಕ್ಕೆ ಒಂದು ತಾಸು ತಿರುಗಿದರೆ ಇನ್ನೂ 22. ಮೇಲಿನ ಮನೆಯವರಿಗೆ ಏರುವ ನೀರಿನ ಕರೆಂಟು ನಿಮ್ಮ ಬಿಲ್ಲಿನಲ್ಲಿ ಕೂತಿರುತ್ತದೆ. ಮೋಟಾರ್ ಹಾಕಿಸಿ, ಆಗ ಯಾವ ಮೀಟರಿನ ದೀಪ ಬೇಗ ಬೇಗ ಮಿನುಗುತ್ತದೆ ನೋಡಿ. ಎರಡು ನಿಮಿಷದ ಕೆಲಸ.

ಒಂದು ಆಧಾರಿಗೆ ಒಂದೇ ಸಂಪರ್ಕ. ಮೂರು ಮೀಟರ್ ಇರುವ ಮಾಲಕರು ಒಂದಕ್ಕೆ ತಮ್ಮದು ಜೋಡಿಸಿರುತ್ತಾರೆ, ಉಳಿದವಕ್ಕೆ ಬಾಡಿಗೆಯವರು ಅಗ್ರಿಮೆಂಟ್ ತೋರಿಸಿ ತಮ್ಮದನ್ನು ಜೋಡಿಸಬೇಕು. ಹಿಂದಿನ ಬಾಡಿಗೆಯವರು ತಮ್ಮ ಆಧಾರ್ ಬಿಡಿಸದೆ ಹೋಗಿದ್ದರೆ? ಸರಕಾರದ ಸೇವಾ ಸಿಂಧು ಜಾಲತಾಣದಲ್ಲಿ ಡಿ-ಲಿಂಕ್ (ಆಧಾರ್ ಬಿಡಿಸುವ) ಸೌಲಭ್ಯ ಕೊಟ್ಟಿದ್ದಾರೆ, ಆದರೆ ಒಟಿಪಿ ಹೋಗುವುದು ಅವರ ಮೊಬೈಲಿಗೆ. ಅವರು ಪಣಜಿಯಲ್ಲಿ ನೌಕರಿಗೆ ಸೇರಿ ನಂಬರು ಬದಲಿಸಿರುತ್ತಾರೆ. ನಿಮ್ಮ ಮನೆಯ ಬಿಲ್ಲಿಗೆ ಇನ್ನೊಬ್ಬರ ಆಧಾರ್ ಹಾಗೇ ಕೂತಿರುತ್ತದೆ.

ಗಡಿಯ ಗಂಟು ಬೀಳುವುದು ಇಲ್ಲೇ. ಗಡಿಯಾಚೆ ಮಹಾರಾಷ್ಟ್ರದ ಚಂದಗಡದ ಕಡೆಯ ಕುಟುಂಬ ಇಲ್ಲಿ ಬಾಡಿಗೆಗೆ ಇದ್ದರೂ ಆಧಾರಿನ ವಿಳಾಸ, ರೇಷನ್ ಕಾರ್ಡು, ವೋಟು ಆ ಕಡೆಗೇ ಇಟ್ಟುಕೊಂಡಿರುತ್ತದೆ. ಅಲ್ಲಿ ಹೆಂಗಸರಿಗೆ ಲಾಡಕಿ ಬಹೀಣ ಯೋಜನೆಯ ₹1,500 ಬರುತ್ತದೆ, ಹೊಲದ ಉತಾರ (ಪಹಣಿ) ಅಲ್ಲಿಯದು. ಇಲ್ಲಿಯ ಗೃಹಲಕ್ಷ್ಮಿ ₹2,000 ಎಂದು ಕಾಗದ ಬದಲಿಸಲು ಹೊರಟರೆ ಒಂದು ಬಿಟ್ಟು ಇನ್ನೊಂದು ಕೈಗೆ ಸಿಗುವ ತನಕ ಎರಡೂ ಇಲ್ಲ. ಅಂಥವರಿಗೆ ಇಲ್ಲಿ ಇದ್ದೇವೆ ಎನ್ನಲು ಅಗ್ರಿಮೆಂಟ್ ಒಂದೇ ಆಧಾರ. ಅದನ್ನೇ ಮಾಲಕರು ಬರೆದುಕೊಡಲು ಹೆದರುತ್ತಾರೆ: ಬಾಡಿಗೆಯವರ ಹೆಸರಿಗೆ ಕಾಗದ ಬೆಳೆದರೆ ಮುಂದೆ ಮನೆ ಬಿಡುವುದಿಲ್ಲ ಎಂಬ ಹಳೆ ಭಯ. ಅದು ಸುಳ್ಳು ಭಯ. ಗೃಹಜ್ಯೋತಿಗೆ ಆಧಾರ್ ಜೋಡಿಸಿದರೆ ಮೀಟರಿನ ಹೆಸರು ಬದಲಾಗುವುದಿಲ್ಲ, ಆರ್‌ಆರ್ ನಂಬರು, ಅಂದರೆ ಕರೆಂಟು ಸಂಪರ್ಕದ ಸಂಖ್ಯೆ, ಮಾಲಕರ ಹೆಸರಿಗೇ ಇರುತ್ತದೆ. ಹತ್ತು ಸಲ ಹೇಳಿದರೂ ಕೇಳುವವರಿಲ್ಲ. ಎರಡೂ ಸರಕಾರಗಳು ಈ ಜನ ನಮ್ಮವರು ಎಂದು ಕೋರ್ಟಿನಲ್ಲಿ ವಾದಿಸುತ್ತವೆ, ಕೌಂಟರಿನಲ್ಲಿ ಮಾತ್ರ ಆ ಕಡೆ ಹೋಗಿ ಕೇಳಿ ಎನ್ನುತ್ತವೆ.

ಇನ್ನು ಕೆಲವರ ಹತ್ತಿರ ಒಂದೇ ಆರ್‌ಆರ್ ನಂಬರು, ಒಳಗೆ ಮೂರು ಸಬ್‌ಮೀಟರ್. ಮೂರು ಸಂಸಾರ ಸೇರಿ 200 ದಾಟುವುದು ಖಚಿತ, ಪುಕ್ಕಟೆಯ ಮಾತೇ ಇಲ್ಲ. ಅದರ ಮೇಲೆ ಮಾಲಕರು ಹೆಸ್ಕಾಂ ದರಕ್ಕಿಂತ ಹೆಚ್ಚು ಹಚ್ಚುತ್ತಾರೆ. ಬೇರೆ ಮೀಟರ್ ಹಾಕಿಸಿಕೊಡಿ ಎನ್ನುವುದೂ ಈಗ ಸುಲಭವಲ್ಲ: 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಸ್ವಾಧೀನ ಪತ್ರವಿಲ್ಲದ (ಒಸಿ ಇಲ್ಲದ) ಕಟ್ಟಡಕ್ಕೆ ಹೊಸ ಸಂಪರ್ಕ ತಡೆದರು, ಚಿಕ್ಕ ನಿವೇಶನಗಳಿಗೆ ಆಮೇಲೆ ರಿಯಾಯಿತಿ ಕೊಟ್ಟರು. ಮೂರು ತಲೆಮಾರು ಸೇರಿ ಕಟ್ಟುತ್ತಾ ಬಂದ ಗಲ್ಲಿಯ ಮನೆಗೆ ಅಂಥ ಪತ್ರ ಎಲ್ಲಿಂದ ತರಬೇಕು? ಸಬ್‌ಮೀಟರ್ ಮನೆ ಎಷ್ಟೇ ಚಂದ ಇದ್ದರೂ ಬಾಡಿಗೆಗೆ ಸಾವಿರ ರೂಪಾಯಿ ಸೇರಿಸಿಯೇ ಹೋಲಿಸಿ ನೋಡಲು ಹೇಳು.

ಮುಂಗಡ ಕೊಡುವ ಮುಂಚೆ ಕಳೆದ ಮೂರು ತಿಂಗಳ ಬಿಲ್ಲು ಕೇಳಲಿ. ಅದರಲ್ಲಿ ಬಾಕಿ, ಗೃಹಜ್ಯೋತಿಯ ಅರ್ಹ ಯೂನಿಟ್ ಎರಡೂ ಕಾಣುತ್ತವೆ. ಕೀಲಿ ಕೈಗೆ ಬಂದ ದಿನ ಮೀಟರಿನ ಅಂಕಿಯ ಫೋಟೋ ತೆಗೆದು ಮಾಲಕರಿಗೆ ವಾಟ್ಸಾಪಿನಲ್ಲಿ ಕಳಿಸಲಿ. ಅಗ್ರಿಮೆಂಟಿನಲ್ಲಿ ಎರಡು ಸಾಲು ಸೇರಿಸಿಕೊಳ್ಳಲಿ: ಹಿಂದಿನವರ ಆಧಾರ್ ಬಿಡಿಸಿಕೊಡುವ ಹೊಣೆ ಮಾಲಕರದು; ತಾವು ಮನೆ ಬಿಡುವಾಗ ಡಿ-ಲಿಂಕ್ ಮಾಡಿದ ರಸೀದಿ ಕೊಟ್ಟ ದಿನವೇ ಡಿಪಾಜಿಟ್ ವಾಪಸು.