ಶಿವರಾಮ ಕಾರಂತರು ಮಕ್ಕಳಿಗೆ ಯಾಕೆ ಬರೆದ್ರು, ಎಲ್ಲಿಂದ ಓದಿಸೋದು?

ನೀವು ಕೇಳಿದ್ದು ಇಷ್ಟು: ಮಗಳು ಏಳನೇ ಕ್ಲಾಸು, ಶಿವರಾಮ ಕಾರಂತರು ಅಂದ್ರೆ ಜ್ಞಾನಪೀಠ ಬಂದ ಕಾದಂಬರಿಕಾರರು ಅಂತ ಮಾತ್ರ ಅವಳಿಗೆ ಗೊತ್ತು, ಮಕ್ಕಳಿಗೂ ಬರೆದಿದ್ರು ಅಂತ ಯಾರೋ ಹೇಳಿದ್ರು, ಅಷ್ಟು ದೊಡ್ಡ ಲೇಖಕರು ಆ ಕಡೆ ಯಾಕೆ ಹೋದ್ರು, ಯಾವುದರಿಂದ ಓದಿಸೋಕೆ ಶುರು ಮಾಡ್ಲಿ ಅಂತ. ನಾನು ಪುತ್ತೂರು ಕಡೆಯವಳು, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲು ಒಂದು ಮಾತು. ಅವರು 'ಆ ಕಡೆ ಹೋದದ್ದು' ಅಲ್ಲ. ಕಾದಂಬರಿ ಒಂದು ದಾರಿ, ಮಕ್ಕಳ ಪುಸ್ತಕ ಇನ್ನೊಂದು ದಾರಿ ಅಂತ ಇರ್ಲೇ ಇಲ್ಲ ಅವರಿಗೆ. ನನಗೆ ಇದು ಅರ್ಥ ಆಗೋಕೆ ನಲವತ್ತು ವರ್ಷ ಬೇಕಾಯ್ತು.

ನಮ್ಮ ಊರಿನ ಶಾಲೆಯಲ್ಲಿ ಹೆಡ್ಮಾಸ್ಟ್ರ ಕೋಣೆಯಲ್ಲಿ ಒಂದು ಮರದ ಕಪಾಟು ಇತ್ತು, ಅದರಲ್ಲಿ ಕಾರಂತರು ಮಕ್ಕಳಿಗೆ ಅಂತ ಬರೆದ ವಿಶ್ವಕೋಶ 'ಬಾಲಪ್ರಪಂಚ'ದ ಒಂದೇ ಒಂದು ಸಂಪುಟ, ರಟ್ಟು ಕಿತ್ತುಹೋಗಿ ದಾರದಲ್ಲಿ ಕಟ್ಟಿಟ್ಟದ್ದು. ಶನಿವಾರ ಮನೆಗೆ ತಗೊಂಡು ಹೋಗಿ ಸೋಮವಾರ ವಾಪಸ್ ಕೊಡ್ಬೇಕು, ಅದಕ್ಕೂ ಕ್ಯೂ. ಮೂರು ಸಂಪುಟ ಉಂಟು ಅಂತ ಗೊತ್ತಾದದ್ದೇ ನಾನು ಹೈಸ್ಕೂಲಿಗೆ ಹೋದ ಮೇಲೆ. 1930ರ ದಶಕದಲ್ಲಿ, ಕನ್ನಡದ ಮಕ್ಕಳಿಗೆ ಲೋಕದ ವಿಷಯ ಎಲ್ಲ ಕನ್ನಡದಲ್ಲೇ ಸಿಗ್ಬೇಕು ಅಂತ ಹಠ ಹಿಡಿದು, ಚಿತ್ರ ಸಮೇತ ವಿಶ್ವಕೋಶ ತಂದ್ರಲ್ಲ, ಅದರ ಹಿಂದೆ ಯೂನಿವರ್ಸಿಟಿ ಇರ್ಲಿಲ್ಲ, ಸರ್ಕಾರ ಇರ್ಲಿಲ್ಲ. ಕಾಲೇಜು ಅರ್ಧಕ್ಕೆ ಬಿಟ್ಟ ಮೂವತ್ತು ಚಿಲ್ಲರೆ ವಯಸ್ಸಿನ ಮನುಷ್ಯ ಒಬ್ಬರೇ. ಬೇರೆ ಕಡೆ ಇಂಥ ಕೆಲಸಕ್ಕೆ ಸಂಪಾದಕ ಮಂಡಳಿ ಅಂತ ಇರ್ತದೆ ಮಾರಾಯ್ರೆ! ಸಾಲದ್ದಕ್ಕೆ ಸುಮಾರು ಎರಡು ದಶಕ ಬಿಟ್ಟು ದೊಡ್ಡವರಿಗೆ ಅಂತ 'ವಿಜ್ಞಾನ ಪ್ರಪಂಚ' ನಾಲ್ಕು ಸಂಪುಟ ಬರೆದ್ರು, ಅದೂ ಒಬ್ಬರೇ. ಅಮೆರಿಕದ ವಿಜ್ಞಾನ ಲೇಖಕಿ ರೇಚಲ್ ಕಾರ್ಸನ್ ಕಡಲಿನ ಬಗ್ಗೆ ಬರೆದ ಪುಸ್ತಕವನ್ನೂ ಕನ್ನಡಕ್ಕೆ ತಂದ್ರು. ಕಡಲ ಬದಿಯಲ್ಲೇ ಹುಟ್ಟಿದವರು ಅಲ್ವಾ, ಅದು ಅವರ ಕೈಗೆ ಬಂದದ್ದು ನನಗೆ ಸಹಜ ಅನಿಸ್ತದೆ.

ಜೀವನದ ವಿವರ ಬೇಗ ಹೇಳ್ತೇನೆ. ಹುಟ್ಟಿದ್ದು 1902ರ ಅಕ್ಟೋಬರ್ 10, ಉಡುಪಿ ಜಿಲ್ಲೆಯ ಕೋಟದಲ್ಲಿ, ಆಗ ಅದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ. ಗಾಂಧೀಜಿಯ ಅಸಹಕಾರ ಚಳುವಳಿ ಬಂದಾಗ ಮಂಗಳೂರಿನ ಕಾಲೇಜು ಬಿಟ್ಟು ಖಾದಿ, ಸ್ವದೇಶಿ ಅಂತ ಊರೂರು ತಿರುಗಿದ್ರು. 'ವಸಂತ' ಅಂತ ಪತ್ರಿಕೆ ಮಾಡಿದ್ರು. ನಾಟಕ, ಯಕ್ಷಗಾನ, ಫೋಟೋಗ್ರಫಿ, ಆಮೇಲೆ ಮೂಕಿ ಸಿನಿಮಾ ಕೂಡ ತೆಗೆದ್ರು. ಪುತ್ತೂರಿಗೆ ಬಂದು ಸುಮಾರು ನಲವತ್ತು ವರ್ಷ ಇದ್ರು, ಆಮೇಲೆ ಸಾಲಿಗ್ರಾಮ. 1936ರಲ್ಲಿ ಲೀಲಾ ಅವರನ್ನ ಮದುವೆ ಆದ್ರು, ಅವರು ಬಂಟರ ಮನೆಯ ಹುಡುಗಿ, ಇವರು ಬ್ರಾಹ್ಮಣರು, ಆ ಕಾಲದಲ್ಲಿ ನಮ್ಮ ಕಡೆ ಇದೇನು ಸಣ್ಣ ಸುದ್ದಿ ಅಲ್ಲ. 1977ರ ಜ್ಞಾನಪೀಠ, 1968ರ ಪದ್ಮಭೂಷಣ (ಅದನ್ನ ಎಮರ್ಜೆನ್ಸಿ ವಿರೋಧಿಸಿ ವಾಪಸ್ ಕೊಟ್ರು), ಇದೆಲ್ಲ ಎಲ್ಲ ಕಡೆ ಸಿಗ್ತದೆ. ತೀರಿಕೊಂಡದ್ದು 1997ರ ಡಿಸೆಂಬರ್ 9, ಮಣಿಪಾಲದಲ್ಲಿ.

ಆದ್ರೆ ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಪುತ್ತೂರಿನ ಪರ್ಲಡ್ಕದಲ್ಲಿ, ಬಾಲವನದಲ್ಲಿ. ಹೆಸರೇ ನೋಡಿ. ಗುಡ್ಡದ ಜಾಗ, ಸುತ್ತ ಮರ, ಅಲ್ಲಿ ಮನೆ, ಮಕ್ಕಳ ಶಾಲೆ, ನಾಟಕ ಕುಣಿತಕ್ಕೆ ಜಾಗ, ಪ್ರೆಸ್ಸು. ತಮ್ಮ ಪುಸ್ತಕಕ್ಕೆ ತಾವೇ ಚಿತ್ರ ಬರೆದು ತಾವೇ ಅಚ್ಚು ಹಾಕಿ ತಾವೇ ಮಾರುವುದು. ಮಗು ಬೆಂಚಿನ ಮೇಲೆ ಕೂತು ಬಾಯಿಪಾಠ ಮಾಡಿದ್ರೆ ಕಲಿತ ಹಾಗಲ್ಲ, ಆಡ್ಬೇಕು, ಹಾಡ್ಬೇಕು, ಕೈಯಲ್ಲಿ ಮಾಡ್ಬೇಕು ಅನ್ನೋದು ಅವರ ನಂಬಿಕೆ, ಅದನ್ನ ಭಾಷಣ ಮಾಡದೆ ಕೈಯಿಂದ ದುಡ್ಡು ಹಾಕಿ ಮಾಡಿ ನೋಡಿದ್ರು. ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರ ಬೆಂಬಲದಲ್ಲಿ ಪುತ್ತೂರಿನಲ್ಲಿ ದಸರಾ ನಾಡಹಬ್ಬ ಮಾಡಿದ್ದೂ ಇದೇ ಮನಸ್ಸಿನಿಂದ. ಈಗಲೂ ಬಾಲವನ ಉಂಟು, ರಜೆಯಲ್ಲಿ ಮಗಳನ್ನ ಕರ್ಕೊಂಡು ಬನ್ನಿ, ಅವರ ಮನೆ ನೋಡಬಹುದು.

ಇನ್ನು ತರಂಗ ವಾರಪತ್ರಿಕೆ. ಅದರಲ್ಲಿ 'ಬಾಲವನದಲ್ಲಿ ಕಾರಂತಜ್ಜ' ಅಂತ ಬರ್ತಿತ್ತು, ಮಕ್ಕಳು ಪತ್ರ ಬರೆದು ಪ್ರಶ್ನೆ ಕೇಳೋದು, ಅಜ್ಜ ಉತ್ತರ ಕೊಡೋದು. ಆಗ ಅವರಿಗೆ ಎಂಬತ್ತು ದಾಟಿತ್ತು. ನಮ್ಮ ಮನೆಯಲ್ಲಿ ಪೇಪರ್ ಬಂದ ಕೂಡಲೇ ನಾನೂ ನನ್ನ ತಮ್ಮನೂ ಆ ಪುಟಕ್ಕೇ ಜಗಳ. ನನಗೆ ಇಷ್ಟ ಆದದ್ದು ಏನು ಅಂದ್ರೆ, 'ಪುಟ್ಟಾ, ಕಂದಾ' ಅಂತ ಮುದ್ದು ಮಾಡಿ ಜಾರಿಕೊಳ್ಳೋ ಜಾತಿ ಅಲ್ಲ ಅವರದ್ದು. ದೇವರ ಬಗ್ಗೆ ಕೇಳಿದ್ರೂ ಸರಿ, ಕಪ್ಪೆ ಬಗ್ಗೆ ಕೇಳಿದ್ರೂ ಸರಿ, ದೊಡ್ಡವರಿಗೆ ಹೇಳುವ ಹಾಗೇ ನೇರ. ಮಗುವಿಗೆ ಬುದ್ಧಿ ಉಂಟು ಅಂತ ನಂಬಿದವರು ಮಾತ್ರ ಹಾಗೆ ಬರೆಯೋಕೆ ಸಾಧ್ಯ. ನಮ್ಮಲ್ಲಿ ಮಕ್ಕಳ ಸಾಹಿತ್ಯ ಅಂದ್ರೆ ಇವತ್ತಿಗೂ ಕೊನೆಗೊಂದು ನೀತಿ ಅಂಟಿಸಿದ ಕಥೆಗಳೇ ಜಾಸ್ತಿ ಕಾಣ್ತವೆ, ಅದು ನೋಡುವಾಗ ನನಗೆ ಸಿಟ್ಟು ಬರ್ತದೆ.

ಈಗ ಕಾದಂಬರಿಗೆ ಬರ್ತೇನೆ, ಯಾಕಂದ್ರೆ ನಾನು ಹೇಳ್ಬೇಕಾದ್ದು ಇಲ್ಲೇ ಉಂಟು. 'ಮೂಕಜ್ಜಿಯ ಕನಸುಗಳು' ಏನು? ಬಾಲ್ಯದಲ್ಲೇ ವಿಧವೆಯಾದ ಅಜ್ಜಿ, ಮೊಮ್ಮಗ ಸುಬ್ಬರಾಯ ಕೇಳ್ತಾನೆ, ಅಜ್ಜಿ ಹೇಳ್ತಾಳೆ. ಒಂದು ಹಳೆ ವಸ್ತು ಕೈಗೆ ಕೊಟ್ರೆ ಅವಳಿಗೆ ಅದರ ಕಾಲವೇ ಕಾಣ್ತದೆ, ಅಲ್ಲಿಂದ ದೇವರು, ಧರ್ಮ, ಗಂಡು ಹೆಣ್ಣು, ಎಲ್ಲದರ ಮೇಲೆ ಪ್ರಶ್ನೆ. ಜ್ಞಾನಪೀಠ ಬಂದದ್ದು ಆ ಕಾದಂಬರಿಗೆ. ಬಾಲಪ್ರಪಂಚ ಬರೆದ ಕೈ, ತರಂಗದಲ್ಲಿ ಉತ್ತರ ಬರೆದ ಕೈ, ಮೂಕಜ್ಜಿ ಬರೆದ ಕೈ, ಮೂರೂ ಒಂದೇ ಅಂತ ಹೊಳೆದ ದಿನ ನನಗೆ ರಾತ್ರಿ ನಿದ್ದೆ ಬರ್ಲಿಲ್ಲ. ಕೇಳುವ ಮಗುವನ್ನ ಸುಮ್ಮನಿರು ಅನ್ನಬಾರದು, ಇದೇ ಅಲ್ವಾ ಮೂರರಲ್ಲೂ ಇರೋದು.

1933ರ 'ಚೋಮನ ದುಡಿ' ಕೂಡ ಹಾಗೇ ಓದಿ ನೋಡಿ. ನಾವು ಅದನ್ನ ಉಳುವ ಭೂಮಿ ಸಿಗದ ದಲಿತ ಚೋಮನ ಕಥೆ ಅಂತೇವೆ, ಹೌದು, ಆದ್ರೆ ಅವನ ಮಕ್ಕಳನ್ನ ನೋಡಿ. ಚನಿಯ, ಗುರುವ ಸಾಲ ತೀರಿಸೋಕೆ ತೋಟಕ್ಕೆ ಹೋಗ್ತಾರೆ, ಬೆಳ್ಳಿಯ ಪಾಡು ಹೇಳೋಕಾಗಲ್ಲ, ಸಣ್ಣವನು ನೀಲ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದೂ ಮುಟ್ಟಿದ್ರೆ ಮೈಲಿಗೆ ಅಂತ ಎತ್ತೋರಿಲ್ಲ. ಆ ಪುಟ ನಾನು ಇವತ್ತಿಗೂ ಜೋರಾಗಿ ಓದಿ ಮುಗಿಸೋಕೆ ಆಗಿಲ್ಲ. ಕನ್ನಡದ ಮಕ್ಕಳಿಗೆ ವಿಶ್ವಕೋಶ ಬೇಕು ಅಂತ ಒದ್ದಾಡಿದ ಮನುಷ್ಯನಿಗೆ ಆ ಮಗು ಕಣ್ಣಿಗೆ ಬೀಳದೆ ಇರೋಕೆ ಸಾಧ್ಯ ಇತ್ತಾ?

ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದಿದ್ದಾರೆ, ಎಲ್ಲವೂ ಒಂದೇ ತೂಕದ್ದಲ್ಲ, ಕೆಲವು ಅವಸರದಲ್ಲಿ ಬರೆದ ಹಾಗೆ ಅನಿಸ್ತವೆ ನನಗೆ. ಆದ್ರೆ 'ಮರಳಿ ಮಣ್ಣಿಗೆ'ಯಲ್ಲಿ ಪಾರೋತಿ, ಸರಸೋತಿ ಇಬ್ಬರು ಉಪ್ಪುನೀರಿನ ಬದಿಯ ಮನೆಯಲ್ಲಿ ಮೈಮುರಿದು ದುಡಿಯೋದು ಓದಿದ್ರೆ ನಮ್ಮ ಅಜ್ಜಿಯಂದಿರ ಕೈ ನೆನಪಾಗ್ತದೆ. 1989ರಲ್ಲಿ, ಎಂಬತ್ತೇಳರ ಹತ್ತಿರ, ಕೈಗಾ ಅಣುಸ್ಥಾವರ ಬೇಡ ಅಂತ ಲೋಕಸಭೆಗೆ ನಿಂತ್ರು, ಸೋತ್ರು. ಕೊನೆಯ ವರ್ಷಗಳಲ್ಲಿ ಹಕ್ಕಿಗಳ ಬಗ್ಗೆ ಪುಸ್ತಕ ಬರೆದ್ರು.

ಸರಿ, ಮಗಳಿಗೆ ಏನು ಕೊಡೋದು. ಬಾಲಪ್ರಪಂಚದ ವಿಜ್ಞಾನ ಕೆಲವು ಕಡೆ ಹಳೇದಾಗಿದೆ, ಅದು ಹೇಳಿಯೇ ಕೊಡಿ, ಆದ್ರೆ ಹೇಳುವ ಕನ್ನಡ ಹಳೇದಾಗಿಲ್ಲ. ಸಣ್ಣ ಮಕ್ಕಳು ಮನೆಯಲ್ಲಿದ್ರೆ 'ಮರಿಯಪ್ಪನ ಸಾಹಸಗಳು', 'ಢಂ ಢಂ ಢೋಲು' ಹುಡುಕಿ, ಹಳೆ ಪುಸ್ತಕದ ಅಂಗಡಿಯಲ್ಲಾದ್ರೂ ಸಿಕ್ಕೀತು. ಕಾರಂತಜ್ಜನ ಪ್ರಶ್ನೋತ್ತರ ಸಿಕ್ಕಿದ್ರೆ ದಿನಕ್ಕೆ ಎರಡು ಸಾಕು. ಮೂಕಜ್ಜಿ ಈಗ್ಲೇ ಬೇಡ, ಪಿಯುಸಿಗೆ ಬರ್ಲಿ.

ಕಾದಂಬರಿ ಅಂತ ಮೊದಲು 'ಬೆಟ್ಟದ ಜೀವ' ಕೊಡಿ. ಸುಬ್ರಹ್ಮಣ್ಯದ ಹತ್ತಿರದ ಕಾಡು, ದಾರಿ ತಪ್ಪಿ ಬಂದ ನೆಂಟ, ಗೋಪಾಲಯ್ಯ, ಶಂಕರಮ್ಮ, ಮನೆ ಬಿಟ್ಟು ಹೋದ ಮಗ ಶಂಭು. ನೀವೂ ಜೊತೆಗೆ ಕೂತು ರಾತ್ರಿ ಒಂದೊಂದು ಅಧ್ಯಾಯ ಓದಿ. ನಡುವೆ ಎಲ್ಲಾದ್ರೂ ಅವಳು ಪುಸ್ತಕ ಹಿಡ್ಕೊಂಡು 'ಶಂಭು ವಾಪಸ್ ಬರ್ತಾನಾ ಅಮ್ಮಾ' ಅಂತ ಕೇಳ್ತಾಳೆ, ನನ್ನ ಮಗನೂ ಕೇಳಿದ್ದ. ಹೇಳ್ಬೇಡಿ, ಮುಂದಿನ ಪುಟ ಅವಳೇ ತಿರುಗಿಸ್ಲಿ.