ಕಾಯುವ ವಿಮಾನ ಸುತ್ತು ಹಿಡಿಯುವ ಬಗೆ

ಪ್ರಶ್ನೆ: ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ವಿಮಾನ ಇಳಿಯುವುದನ್ನು ನೋಡುವಾಗಲೆಲ್ಲ ಒಂದು ಸಂದೇಹ ಮೂಡುತ್ತದೆ. ಇಳಿಯಲು ಅನುಮತಿ ಸಿಗದ ವಿಮಾನ ಆಕಾಶದಲ್ಲೇ ಸುತ್ತುತ್ತಾ ಕಾಯುತ್ತದಂತೆ. ಆ ಸುತ್ತನ್ನು ಯಾವ ದಿಕ್ಕಿನಿಂದ ಬಂದರೂ ಸೇರಬಹುದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಸೇರಬಹುದು, ಆದರೆ ಸೇರುವ ರೀತಿ ಮಾತ್ರ ಬಂದ ದಿಕ್ಕನ್ನು ಅವಲಂಬಿಸಿರುತ್ತದೆ. ಈ ಹಾದಿ ವೃತ್ತವಲ್ಲ, ಕುದುರೆ ಪಂದ್ಯದ ಹಾದಿಯಂತೆ ಎರಡು ನೇರ ಬದಿಗಳೂ ಎರಡು ತಿರುವುಗಳೂ ಉಳ್ಳದ್ದು. ಸಾಮಾನ್ಯವಾಗಿ ತಿರುವುಗಳೆಲ್ಲ ಬಲಕ್ಕೆ. ನೇರ ಬದಿಯ ಹಾರಾಟ 14,000 ಅಡಿಯವರೆಗೆ ಒಂದು ನಿಮಿಷ, ಅದಕ್ಕಿಂತ ಮೇಲೆ ಒಂದೂವರೆ ನಿಮಿಷ.

ಸುತ್ತು ಶುರುವಾಗುವ ನಿಗದಿತ ಬಿಂದುವಿನ ಸುತ್ತಲಿನ 360 ಡಿಗ್ರಿಯನ್ನು ಮೂರು ಭಾಗ ಮಾಡಿರುತ್ತಾರೆ. 180 ಡಿಗ್ರಿಯ ಭಾಗದಿಂದ ಬಂದ ವಿಮಾನವು ಬಿಂದುವನ್ನು ದಾಟಿದೊಡನೆ ನೇರವಾಗಿ ಸುತ್ತಿನ ತಿರುವನ್ನೇ ಹಿಡಿಯುತ್ತದೆ. 70 ಡಿಗ್ರಿಯ ಭಾಗದಿಂದ ಬಂದದ್ದು ಬಿಂದುವಿನಿಂದ ಹೊರಹೋಗುವ ನೇರ ಬದಿಯ ದಿಕ್ಕಿನಿಂದ 30 ಡಿಗ್ರಿ ಓರೆಯಾಗಿ ಸುತ್ತಿನ ಒಳಮಗ್ಗುಲಲ್ಲಿ ಹಾರಿ, ಕಣ್ಣೀರ ಹನಿಯ ಆಕಾರದಲ್ಲಿ ತಿರುಗಿ ಬಿಂದುವಿನತ್ತ ಬರುತ್ತದೆ. ಉಳಿದ 110 ಡಿಗ್ರಿಯಿಂದ ಬಂದದ್ದು, ಬಿಂದುವಿಗೆ ಮರಳುವ ಹಾದಿಗೆ ಸಮಾನಾಂತರವಾಗಿ ಹೊರಕ್ಕೆ ಸಾಗಿ, ಅನಂತರ ಎಡಕ್ಕೆ ತಿರುಗಿ ಮರಳುತ್ತದೆ. ಹೊಸ ಪೈಲಟ್‌ಗಳಿಗೆ ಹೆಚ್ಚು ಅಭ್ಯಾಸ ಬೇಕಾಗುವುದು ಇದಕ್ಕೇ ಎಂದು ನನ್ನ ಅನಿಸಿಕೆ. ಇಷ್ಟೆಲ್ಲ ಕಟ್ಟುನಿಟ್ಟು ಏಕೆಂದರೆ, ವಿಮಾನವು ತನಗೆ ಮೀಸಲಾದ ಸುರಕ್ಷಿತ ವಲಯವನ್ನು ಮೀರಬಾರದು.